ಬೆಂಚಿನ ಕೆಳಗೆ ಸರಿದ ಕಾಲು: ಒಂದು ತರಗತಿಯ ಕಳವು, ಒಂದು ತರ್ಕದ ಪಾಠ

ಹಿನ್ನೆಲೆ

ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಅನ್ನುವ ಐಚ್ಛಿಕ ವಿಷಯ ಒಂದಿದೆ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಏನು ಪಾಠ ಮಾಡ್ತೀರಿ ಎಂದು ಕೇಳಿದವರಿಗೆ ‘ಲಾಜಿಕ್’ ಅಂದರೆ ‘ಓ, ಕಂಪ್ಯೂಟರಾ?’ ಅನ್ನುತ್ತಾರೆ. ನಾನು ಈ ವಿಷಯವನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಟ್ಟವನು. ಇಲ್ಲಿ ಬರೆಯುತ್ತಿರುವುದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ, ಕೆಲವು ವರ್ಷಗಳ ಹಿಂದೆ, ನನ್ನದೇ ತರಗತಿಯಲ್ಲಿ ನಡೆದದ್ದು. ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಕ್ಕಿಬಿಡುವಂಥ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ತರ್ಕ, ನೀತಿಶಾಸ್ತ್ರ ಪಾಠ ಮಾಡುವ ಹೊಸಬರಿಗೆ ಉಪಯೋಗಕ್ಕೆ ಬರುವುದಿದ್ದರೆ ಅವೇ ಬರಬೇಕು.

ದ್ವಿತೀಯ ಪಿಯುಸಿ, 38 ಮಕ್ಕಳು. ಅರ್ಧಕ್ಕರ್ಧ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಏಳೆಂಟು ಜನ ಹಾಸ್ಟೆಲ್ಲಿನವರು. ‘ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಸಾಕ್ರೆಟಿಸ್ ಮರ್ತ್ಯ’ ಎಂದು ಬೋರ್ಡಿನ ಮೇಲೆ ಬರೆದರೆ, ‘ಸತ್ತು ಎರಡು ಸಾವಿರದ ನಾನೂರು ವರ್ಷ ಆಯ್ತು, ದಿನಾ ಸಾಯಿಸ್ತೀರಲ್ಲ ಸಾರ್’ ಎಂದು ನಗುವ ತರಗತಿ. ಆ ನಗು ನನಗೆ ಇಷ್ಟವೇ. ಬದುಕಿರುವ ಉದಾಹರಣೆ ಒಂದು ಸಿಕ್ಕಿದರೆ ಪಾಠ ಹೇಗೆ ಏಳುತ್ತದೆ ಅನ್ನುವ ಆಸೆ ಮೊದಲಿನಿಂದಲೂ ಇತ್ತು. ಆ ಆಸೆಯೇ ಆಮೇಲೆ ಕಾಲಿಗೆ ತೊಡರಿದ್ದು.

ಡಿಸೆಂಬರಿಗೆ ಹಂಪಿ ಪ್ರವಾಸ ಎಂದು ನಿಗದಿಯಾಗಿತ್ತು. ಮುಂಗಡ ತಲೆಗೆ 500 ರೂಪಾಯಿ. ಉಸ್ತುವಾರಿ ನನ್ನದು, ದುಡ್ಡು ಕೂಡಿಸುವ ಕೆಲಸ ಕ್ಲಾಸ್ ಲೀಡರ್ ಹುಡುಗಿಯದು. ಸೋಮವಾರ ಸಂಜೆ ಅವಳು ಬಂದು, ‘ಸಾರ್, ಸುಮಾರು ಬಂದಿದೆ, ಆಫೀಸಿಗೆ ಕಟ್ಟಿಬಿಡ್ಲಾ?’ ಎಂದು ಕೇಳಿದಳು. ನಾನು ಸ್ಕೂಟರಿಗೆ ಕಿಕ್ ಹೊಡೆಯುತ್ತಾ, ‘ನಾಳೆ ಎಲ್ಲ ಸೇರಿಸಿ ಒಟ್ಟಿಗೇ ಕೊಡಮ್ಮ’ ಅಂದೆ. ಈ ಮಾತು ನೆನಪಿರಲಿ, ಮತ್ತೆ ಬರುತ್ತದೆ.

ಮಂಗಳವಾರ ಮಧ್ಯಾಹ್ನ

ಊಟದ ಬಿಡುವು ಮುಗಿದು ಎರಡು ಗಂಟೆಗೆ ಅವಳು ಬ್ಯಾಗು ತೆಗೆದರೆ ನೋಟ್ ಬುಕ್ಕಿನ ನಡುವೆ ಇಟ್ಟಿದ್ದ ಕವರ್ ಇಲ್ಲ. ಅವಳ ಲೆಕ್ಕದಲ್ಲಿ 29 ಜನರ ದುಡ್ಡು, 14,500 ರೂಪಾಯಿ. ಸ್ಟಾಫ್ ರೂಮಿನಿಂದ ನಾನು ಓಡಿ ಹೋಗುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಹುಡುಗರಿಬ್ಬರು ಹಾಸ್ಟೆಲ್ಲಿನ ಒಬ್ಬ ಹುಡುಗನ ಬ್ಯಾಗನ್ನು ಬೆಂಚಿನ ಮೇಲೆ ಬೋರಲು ಸುರಿದಿದ್ದರು. ಎರಡು ನೋಟ್ ಬುಕ್ಕು, ಒಂದು ಸ್ಟೀಲ್ ಡಬ್ಬಿ, ಮಡಿಸಿದ ಟವಲ್ಲು, ಕ್ಯಾಪಿಲ್ಲದ ಪೆನ್ನು. ದುಡ್ಡು ಇರಲಿಲ್ಲ.

ದುಡ್ಡು ಸಿಗದ ಮೇಲೆ ಅನುಮಾನ ಒಂದು ಕೂದಲೆಳೆಯಾದರೂ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ‘ಆಗಲೇ ಹೊರಗೆ ಯಾರಿಗೋ ದಾಟಿಸಿಬಿಟ್ಟಿದ್ದಾನೆ ಸಾರ್.’ ಸಿಕ್ಕಿದ್ದರೆ ಕಳ್ಳ, ಸಿಗದಿದ್ದರೆ ಜಾಣ ಕಳ್ಳ. ಯಾವ ಸಂಗತಿ ಬಂದರೂ ಪರವಾಗಿಯೇ ತಿರುಗುವ ನಂಬಿಕೆಯನ್ನು ಪರೀಕ್ಷೆಗೆ ಹಚ್ಚುವುದು ಹೇಗೆ ಎಂದು ನಾನು ಅಲ್ಲೇ ಕೇಳಬೇಕಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬ್ಯಾಗು ಸುರಿದವರನ್ನು ಗದರಿಸಿದೆ, ಅಷ್ಟೇ. ಸಾಮಾನುಗಳನ್ನು ಅವನೇ ಒಂದೊಂದಾಗಿ ಬ್ಯಾಗಿಗೆ ಹಾಕಿಕೊಂಡ.

ಇವನೇ ಯಾಕೆ ಎಂದೆ. ಕಾರಣಗಳಿಗೆ ಬರ ಇರಲಿಲ್ಲ. ಊಟದ ಹೊತ್ತಿನಲ್ಲಿ ರೂಮಿನಲ್ಲಿ ಉಳಿದಿದ್ದವನು ಅವನೊಬ್ಬನೇ. ಬಡವ, ಪ್ರವಾಸಕ್ಕೂ ದುಡ್ಡು ಕೊಟ್ಟಿಲ್ಲ. ಪ್ರಥಮ ಪಿಯುಸಿಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನು. ಎಲ್ಲಕ್ಕಿಂತ ಗಟ್ಟಿಯಾದದ್ದು ಎಂದು ಮುಂದಿನ ಬೆಂಚಿನವನೊಬ್ಬ ಹೇಳಿದ್ದು ಇದು: ‘ದುಡ್ಡು ಹೋಯ್ತು ಅಂತ ಇವಳು ಕೂಗಿದ ತಕ್ಷಣ ತಲೆ ಬಗ್ಗಿಸಿದ ಸಾರ್. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗೆ.’

ಬುಧವಾರ ಐದನೆಯ ಕಾರಣ ಸೇರಿತು. ಹುಡುಗ ಹೊಸ ಶೂ ಹಾಕಿಕೊಂಡು ಬಂದಿದ್ದ. ಬಿಳೀ ಅಡಿಯ ಕ್ಯಾನ್ವಾಸ್ ಶೂ.

ಬಂದ ಸಲಹೆಗಳು

ಸ್ಟಾಫ್ ರೂಮಿನಲ್ಲೂ ತರಗತಿಯಲ್ಲೂ ಎರಡು ದಿನ ಇದೇ ಮಾತು. ಅಂಜನ ಹಾಕಿಸೋಣ ಎಂದು ಒಬ್ಬರು. ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಹಾಕಿಸಿ ಎಂದು ಇನ್ನೊಬ್ಬರು. ಮಂತ್ರಿಸಿದ ಅಕ್ಕಿ ಕೊಟ್ಟು ಅಗಿಸಿದರೆ ಕದ್ದವನ ಬಾಯಲ್ಲಿ ಅಕ್ಕಿ ನುಣ್ಣಗಾಗುವುದಿಲ್ಲ, ಒಣಒಣ ಉಳಿಯುತ್ತದೆ ಎಂದು ಅಟೆಂಡರ್. ಇದು ಈಚಿನ ಮೂಢನಂಬಿಕೆ ಎಂದು ತಳ್ಳಿಹಾಕುವಂಥದ್ದಲ್ಲ. ಧರ್ಮಶಾಸ್ತ್ರಗಳು ಹೇಳುವ ದಿವ್ಯಗಳಲ್ಲಿ, ಅಂದರೆ ತಪ್ಪಿತಸ್ಥನನ್ನು ದೈವದ ಹೆಸರಿನಲ್ಲಿ ಪತ್ತೆ ಮಾಡುವ ಪರೀಕ್ಷೆಗಳಲ್ಲಿ, ತಂಡುಲ (ಅಕ್ಕಿ) ದಿವ್ಯ ಅನ್ನುವುದು ಇದೇ. ಹೆದರಿದವನ ಬಾಯಿ ಒಣಗುತ್ತದೆ ಅನ್ನುವ ಗಮನಿಕೆ ಅದರ ಹಿಂದಿದೆ, ಅದು ಸುಳ್ಳೂ ಅಲ್ಲ. ಕದ್ದವನು ಮಾತ್ರ ಹೆದರುತ್ತಾನೆ ಅನ್ನುವುದು ಸುಳ್ಳು. ಇಡೀ ತರಗತಿ ಬಾಯಿ ನೋಡುತ್ತಾ ನಿಂತಿದ್ದರೆ ನನ್ನ ಬಾಯಲ್ಲೂ ಅಕ್ಕಿ ಹಾಗೇ ಉಳಿಯುತ್ತದೆ. ಆಣೆಗೂ ಅಂಜನಕ್ಕೂ ನಾನು ಒಪ್ಪಲಿಲ್ಲ. ಸಂವಿಧಾನದ 20(3)ನೇ ವಿಧಿ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುತ್ತದೆ. ನಮ್ಮ ರಾಜ್ಯವೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದದ್ದು ಇದೇ ನೆಲೆಯ ಮೇಲೆ. ಯಂತ್ರಕ್ಕೆ ಸಲ್ಲದ್ದು ಅಕ್ಕಿಗೆ ಸಲ್ಲುತ್ತದೆಯೇ ಎಂದು ಕೇಳಿದೆ. ನಕ್ಕರು, ಬಿಟ್ಟರು.

ಪ್ರಾಂಶುಪಾಲರ ಸಲಹೆ ಮಾತ್ರ ನಗುವಂಥದ್ದಾಗಿರಲಿಲ್ಲ. ‘ಕದ್ದಿದ್ದಾನೋ ಇಲ್ವೋ ಅದು ಬೇರೆ ಕಣ್ರೀ. ಅವರ ಮನೆಯವರ ಕೈಲಿ ಮೂರು ನಾಲ್ಕು ಸಾವಿರ ಕೊಡಿಸಿ, ಉಳಿದದ್ದು ನಾವು ಹಾಕೋಣ. ಪ್ರವಾಸ ಆಗುತ್ತೆ, ತರಗತಿ ತಣ್ಣಗಾಗುತ್ತೆ, ಪೊಲೀಸು ಗಿಲೀಸು ಬೇಡ. ಅವನಿಗೂ ಒಳ್ಳೇದೇ.’ ಕೆಟ್ಟ ಮನುಷ್ಯರಲ್ಲ ಅವರು. ಒಬ್ಬನ ಮೇಲೆ ಸ್ವಲ್ಪ ಭಾರ, ಮೂವತ್ತೇಳು ಜನಕ್ಕೆ ನೆಮ್ಮದಿ. ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ ಅನ್ನುವ ಲೆಕ್ಕವನ್ನು, ಅದಕ್ಕೆ ಹೆಸರಾದ ಇಂಗ್ಲಿಷ್ ಚಿಂತಕ ಬೆಂಥಮ್‌ನ ಹೆಸರು ಎತ್ತದೆಯೇ ಹಾಕಿದ್ದರು.

ಬ್ರಿಟಿಷ್ ತತ್ತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಬರೆದ ಪ್ರಬಂಧವನ್ನು ಟ್ರಾಲಿಯ ಸಮಸ್ಯೆಗಾಗಿ ಎಲ್ಲರೂ ನೆನೆಯುತ್ತಾರೆ. ಹಳಿಯ ಮೇಲೆ ಐದು ಜನ, ಇನ್ನೊಂದು ಹಳಿಯಲ್ಲಿ ಒಬ್ಬ, ಗಾಡಿ ತಿರುಗಿಸಬೇಕೋ ಬೇಡವೋ ಅನ್ನುವುದು. ಅದೇ ಪ್ರಬಂಧದಲ್ಲಿ ಟ್ರಾಲಿಯ ಪಕ್ಕದಲ್ಲೇ ಒಬ್ಬ ನ್ಯಾಯಾಧೀಶನಿದ್ದಾನೆ. ಹೊರಗೆ ದೊಂಬಿ. ಅಪರಾಧಿಯನ್ನು ಒಪ್ಪಿಸದಿದ್ದರೆ ಜನ ರಕ್ತ ಹರಿಸುತ್ತಾರೆ. ನಿಜವಾದ ಅಪರಾಧಿ ಯಾರೆಂದು ಗೊತ್ತಿಲ್ಲ. ನಿರಪರಾಧಿಯೊಬ್ಬನ ತಲೆಗೆ ಕಟ್ಟಿದರೆ ಗಲಭೆ ನಿಲ್ಲುತ್ತದೆ. ಗಾಡಿ ತಿರುಗಿಸಬಹುದು ಅನ್ನುವ ನಾವು ನ್ಯಾಯಾಧೀಶನಿಗೆ ಹಾಗೆ ಮಾಡು ಎಂದು ಯಾಕೆ ಹೇಳುವುದಿಲ್ಲ? ಈ ನ್ಯಾಯಾಧೀಶನ ಬಗ್ಗೆ ಹತ್ತಾರು ಸಲ ಪಾಠ ಮಾಡಿದ್ದೆ. ಅವನ ಕುರ್ಚಿ ನನ್ನ ಪ್ರಾಂಶುಪಾಲರ ಕೋಣೆಯಲ್ಲೇ ಇರಬಹುದು ಎಂದು ಅಂದುಕೊಂಡಿರಲಿಲ್ಲ. ಆಗುವುದಿಲ್ಲ ಸಾರ್ ಎಂದು ಹೇಳಿ ಬಂದೆ. ಇಲ್ಲಿಯ ತನಕ ನನ್ನ ಬಗ್ಗೆ ನನಗೆ ಸಾಕಷ್ಟು ಮೆಚ್ಚುಗೆ ಇತ್ತು ಎಂದು ಒಪ್ಪಿಕೊಳ್ಳಬೇಕು.

ಬೋರ್ಡಿನ ಮೇಲೆ ಬರೆದದ್ದು

ಗುರುವಾರ ಮೊದಲ ಪೀರಿಯಡ್ಡು ನನ್ನದು. ಹುಡುಗನ ಮೇಲಿನ ಅನುಮಾನ ಎಷ್ಟು ಪೊಳ್ಳು ಎಂದು ಮಕ್ಕಳಿಗೆ ಅವರ ಬಾಯಿಂದಲೇ ಹೇಳಿಸುವುದು ನನ್ನ ಲೆಕ್ಕಾಚಾರ. ಯಾರ ಹೆಸರನ್ನೂ ಎತ್ತುವುದಿಲ್ಲ, ‘ಒಬ್ಬ ವಿದ್ಯಾರ್ಥಿ’ ಅನ್ನುತ್ತೇನೆ, ಮರ್ಯಾದೆಗೇನೂ ಧಕ್ಕೆ ಇಲ್ಲ ಎಂದುಕೊಂಡೆ.

ಬೋರ್ಡನ್ನು ಎರಡು ಭಾಗ ಮಾಡಿದೆ. ಎಡಕ್ಕೆ ನಮ್ಮ ಹಳೆಯ ತರ್ಕಪಂಥವಾದ ನ್ಯಾಯದರ್ಶನದ ಬೆಟ್ಟ, ಐದು ಅವಯವಗಳಲ್ಲಿ, ಅಂದರೆ ವಾದದ ಐದು ಹೆಜ್ಜೆಗಳಲ್ಲಿ. ಪ್ರತಿಜ್ಞೆ (ಸಾಧಿಸಬೇಕಾದ ಮಾತು): ಬೆಟ್ಟದಲ್ಲಿ ಬೆಂಕಿ ಇದೆ. ಹೇತು (ಕಾರಣ): ಹೊಗೆ ಕಾಣುತ್ತಿದೆ. ಉದಾಹರಣೆ: ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಇದ್ದ ಹಾಗೆ. ಉಪನಯ: ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ನಿಗಮನ: ಆದ್ದರಿಂದ ಬೆಂಕಿ ಇದೆ. ಬಲಕ್ಕೆ ಐದು ಖಾಲಿ ಸಾಲು. ಮೊದಲನೆಯದರಲ್ಲಿ ‘ಒಬ್ಬ ವಿದ್ಯಾರ್ಥಿ ದುಡ್ಡು ತೆಗೆದಿದ್ದಾನೆ’ ಎಂದು ಬರೆದು, ಹೇತು ಹೇಳಿ ಎಂದೆ.

‘ಹೊಸ ಶೂ ಸಾರ್’ ಎಂದಳು ಒಬ್ಬಳು. ಬರೆದೆ. ಈಗ ಉದಾಹರಣೆ ಹೇಳಿ, ಯಾರು ಯಾರು ಹೊಸ ಶೂ ಕೊಂಡರೋ ಅವರೆಲ್ಲ ಕದ್ದವರು, ಯಾರ ಹಾಗೆ? ತರಗತಿ ಗೊಳ್ಳೆಂದಿತು. ಕಡಲೇಕಾಯಿ ಮಾರಿದವನೂ ಕೊಳ್ಳುತ್ತಾನೆ, ಸ್ಕಾಲರ್‌ಶಿಪ್ ಬಂದವನೂ ಕೊಳ್ಳುತ್ತಾನೆ. ಅದರ ತಿರುಗುಮುರುಗು ಬೇಕಾದರೆ ಒಪ್ಪೋಣ: ಕದ್ದವನು ಏನಾದರೂ ಕೊಳ್ಳುತ್ತಾನೆ. ಅಷ್ಟರಿಂದ ಕೊಂಡವನು ಕದ್ದವನಾಗುತ್ತಾನೆಯೇ? ಮಳೆ ಬಂದರೆ ಅಂಗಳ ಒದ್ದೆ. ಅಂಗಳ ಒದ್ದೆ ಇದ್ದರೆ ಅಮ್ಮ ನೀರು ಹಾಕಿರಬಹುದು. ಹೊಗೆ ಇದ್ದಲ್ಲಿ ಬೆಂಕಿ ಅನ್ನುವ ವ್ಯಾಪ್ತಿಯನ್ನು, ಅಂದರೆ ಎಂದೂ ತಪ್ಪದ ನಂಟನ್ನು, ಬೆಂಕಿ ಇದ್ದಲ್ಲಿ ಹೊಗೆ ಎಂದು ತಿರುಗಿಸಿದರೆ ಕಾದ ಕಬ್ಬಿಣದ ಗುಂಡು ಬಂದು ನಿಲ್ಲುತ್ತದೆ. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಇದಕ್ಕೆ ಹಸಿ ಕಟ್ಟಿಗೆ ಅನ್ನುವ ಉಪಾಧಿಯನ್ನು, ಮರೆಯಲ್ಲಿರುವ ಷರತ್ತನ್ನು, ತೋರಿಸುತ್ತಾರೆ. ಬೆಂಕಿಯ ಜೊತೆಗೆ ಹಸಿ ಕಟ್ಟಿಗೆಯೂ ಸೇರಿದರೆ ಮಾತ್ರ ಹೊಗೆ.

ಕುಂಬಳಕಾಯಿಗೆ ಬಂದಾಗ ಪಾಠ ನಿಜವಾಗಿಯೂ ಏರಿತು. ಆ ಗಾದೆಯನ್ನು ನಾವೆಲ್ಲ ನಗುತ್ತಾ ಹೇಳುತ್ತೇವೆ. ಅದರೊಳಗೆ ಒಂದು ವ್ಯಾಪ್ತಿ ಕುಳಿತಿದೆ ಎಂದು ಯಾರೂ ನೋಡುವುದಿಲ್ಲ: ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರು. ನಮ್ಮ ಹೆಗಲ ಮೇಲೇನೋ ಇದೆ ಎಂದು ಹತ್ತು ಜನ ನೋಡಿದರೆ ಯಾರು ತಾನೇ ಮುಟ್ಟಿ ನೋಡಿಕೊಳ್ಳುವುದಿಲ್ಲ? ‘ಸಾರ್, ನೋಡೋರ ಕಣ್ಣೇ ಇಲ್ಲಿ ಹಸಿ ಕಟ್ಟಿಗೆ’ ಎಂದ ಹಿಂದಿನ ಬೆಂಚಿನವನೊಬ್ಬ. ಪರೀಕ್ಷೆಯಲ್ಲಿ ಎಂದೂ ಮೂವತ್ತೈದು ದಾಟದ ಹುಡುಗ. ಬಡವ ಅನ್ನುವುದಕ್ಕೆ ಸತ್ಪ್ರತಿಪಕ್ಷವನ್ನು ಅವರೇ ಹುಡುಕಿದರು: ಬಡವನಾದ್ದರಿಂದ ಕದ್ದಾನು ಎಂದರೆ, ಬಡವನಾದ್ದರಿಂದ ಕಾಲೇಜು ತಪ್ಪುವ ಭಯಕ್ಕೆ ಕದಿಯಲಾರ ಎಂದೂ ಅಷ್ಟೇ ಬಲವಾಗಿ ಹೇಳಬಹುದು. ರೂಮಿನಲ್ಲಿ ಒಬ್ಬನೇ ಇದ್ದ ಅನ್ನುವ ಹೇತು ಸ್ವರೂಪಾಸಿದ್ಧ, ಅಂದರೆ ಆ ಹೇತುವೇ ಅಲ್ಲಿ ಇಲ್ಲ. ಕಬಡ್ಡಿ ಆಡುವವರು ಅಂಗಿ ಬದಲಿಸಲು ಬಂದಿದ್ದರು, ಕಸ ಗುಡಿಸುವ ಆಯಮ್ಮ ಬಂದಿದ್ದರು, ಬಾಗಿಲಿನ ಅಗುಳಿ ಮುರಿದು ವರ್ಷವಾಗಿತ್ತು. ಎಲ್ಲೆಲ್ಲೂ ಕೈ ಏಳುತ್ತಿದ್ದವು. ಅಷ್ಟು ಚೆಂದದ ತರಗತಿ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಆ ಖುಷಿಯಲ್ಲಿ ಒಂದನ್ನು ನೋಡಿಯೂ ನೋಡದ ಹಾಗೆ ಇದ್ದೆ. ‘ಹೊಸ ಶೂ’ ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದೆ ಬೆಂಚುಗಳು ಕಿರುಗುಟ್ಟಿದವು. ತಿರುಗಿ ನೋಡಿದರೆ ಇಡೀ ತರಗತಿ ಕಿಟಕಿ ಕಡೆಯ ಮೂರನೆಯ ಬೆಂಚಿನ ಕೆಳಗೆ ಕಣ್ಣು ನೆಟ್ಟಿತ್ತು. ಹುಡುಗ ಎರಡೂ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಒಂದು ಶೂ ಇನ್ನೊಂದರ ಹಿಂದೆ ಮರೆಯಾಯಿತು. ಪೀರಿಯಡ್ಡಿನ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಎದ್ದು ನಿಂತು ‘ನಮ್ಮಣ್ಣ ಬೆಂಗಳೂರಿಂದ ಕಳಿಸಿದ್ದು ಸಾರ್’ ಅಂದ. ಕೂತ.

ಶುಕ್ರವಾರದಿಂದ ಅವನು ಕಾಲೇಜಿಗೆ ಬರಲಿಲ್ಲ.

ಏನಾಯಿತು ಎಂದು ನನಗೆ ಅರ್ಥವಾಗಲು ವಾರ ಬೇಕಾಯಿತು. ತರ್ಕದಲ್ಲಿ ನಾನು ತಪ್ಪಿರಲಿಲ್ಲ, ಒಂದೊಂದು ಹೇತ್ವಾಭಾಸವೂ, ಅಂದರೆ ಹೇತುವಿನ ಹಾಗೆ ಕಾಣುವ ಹುಸಿ ಹೇತುವೂ, ಸರಿಯಾಗಿಯೇ ಬಿದ್ದಿತ್ತು. ಆದರೆ ನಲವತ್ತೈದು ನಿಮಿಷ ಮೂವತ್ತೇಳು ಜನ ಒಬ್ಬನು ಕಳ್ಳನೋ ಅಲ್ಲವೋ ಎಂದು ಅವನೆದುರಿಗೇ ಚರ್ಚಿಸುವಂತೆ ಮಾಡಿದ್ದೆ. ಅದು ಅವನ ಪರವಾದ ಚರ್ಚೆ ಅನ್ನುವುದು ನನಗೆ ದೊಡ್ಡದಾಗಿ ಕಂಡಿತ್ತು. ಅವನಿಗೆ ಚರ್ಚೆಯೇ ದೊಡ್ಡದಾಗಿ ಕಂಡಿರಬೇಕು. ಮನುಷ್ಯನನ್ನು ಎಂದೂ ಬರೀ ಸಾಧನವಾಗಿ ಬಳಸಬೇಡ, ಅವನೇ ಗುರಿ ಎಂದೂ ಕಾಣು ಅನ್ನುವ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ಮಾತು 1785ರದು. ನಾನದನ್ನು ಪ್ರತಿ ವರ್ಷ ಗುಲಾಮಗಿರಿಯ ಉದಾಹರಣೆ ಕೊಟ್ಟು ವಿವರಿಸುತ್ತಿದ್ದೆ. ಪಾಠಕ್ಕೆ ಉದಾಹರಣೆಯಾಗಿ ಬಳಸುವುದೂ ಬಳಸುವುದೇ. ಪ್ರಾಂಶುಪಾಲರು ಪ್ರವಾಸಕ್ಕಾಗಿ ಅವನನ್ನು ಬಳಸಹೊರಟಿದ್ದರು, ನಾನು ತರ್ಕಕ್ಕಾಗಿ. ಅವರದಕ್ಕಿಂತ ನನ್ನದು ಶುದ್ಧ ಎಂದು ಹೇಳುವ ಧೈರ್ಯ ನನಗಿಲ್ಲ. ಅವನ ಒಪ್ಪಿಗೆಯನ್ನು ಇಬ್ಬರೂ ಕೇಳಲಿಲ್ಲ.

ಡಬ್ಬಿ

ಸೋಮವಾರ ಇನ್ನೊಂದು ಪ್ರಯತ್ನ ಮಾಡಿದೆ. ಸೀಮೆಸುಣ್ಣದ ಖಾಲಿ ರಟ್ಟಿನ ಡಬ್ಬಿಯೊಂದನ್ನು ಪಕ್ಕದ ಖಾಲಿ ಕೋಣೆಯಲ್ಲಿ ಇಟ್ಟು, ಒಬ್ಬೊಬ್ಬರೇ ಒಳಗೆ ಹೋಗಿ ಅರ್ಧ ನಿಮಿಷ ಇದ್ದು ಬರಬೇಕು, ಹಾಕುವುದಿದ್ದರೆ ಹಾಕಬಹುದು, ಯಾರು ಎಂದು ಎಂದೂ ಕೇಳುವುದಿಲ್ಲ ಎಂದೆ. ಹಳೆಯ ಉಪಾಯ. ಎಲ್ಲರೂ ಮುಗಿಸಿದ ಮೇಲೆ ತೆರೆದು ನೋಡಿದರೆ ಐನೂರರ ನಾಲ್ಕು ನೋಟು.

ತರಗತಿ ಕೂಡಲೇ ಅಂದಿತು: ಕಳ್ಳನಿಗೆ ಪಶ್ಚಾತ್ತಾಪ ಆಗಿದೆ, ಕಳ್ಳ ಇಲ್ಲೇ ಇದ್ದಾನೆ, ಆದ್ದರಿಂದ ಹಾಸ್ಟೆಲ್ ಹುಡುಗ ಅಲ್ಲ. ಕೆಲವರ ಕಣ್ಣಲ್ಲಿ ನೀರೇ ಬಂತು. ನಾಲ್ಕು ದಿನದ ಹಿಂದೆ ಅಷ್ಟು ಚೆನ್ನಾಗಿ ಒಡೆದು ಹಾಕಿದ್ದ ತಪ್ಪನ್ನೇ ಈಗ ತಿರುಗಿಸಿ, ಒಳ್ಳೆಯ ಮನಸ್ಸಿನಿಂದ, ಮತ್ತೆ ಮಾಡುತ್ತಿದ್ದರು. ಹೊಗೆ ಒಂದೇ, ಬೆಂಕಿ ನಾಲ್ಕು ಇರಬಹುದು. ಕದ್ದವನು ಒಂದಿಷ್ಟು ಹಿಂದಿರುಗಿಸಿರಬಹುದು. ಕನಿಕರಪಟ್ಟವರು ಕೈಯಿಂದ ಹಾಕಿರಬಹುದು. ಲೀಡರ್ ಹುಡುಗಿ ಮನೆಯಿಂದ ತಂದು ಹಾಕಿರಬಹುದು. ನಾಲ್ಕನೆಯದನ್ನು ಹೇಳಿದ್ದು ವರ್ಷದಲ್ಲಿ ನಾಲ್ಕು ಮಾತೂ ಆಡದ ಹುಡುಗಿಯೊಬ್ಬಳು: ‘ಕೊಡಬೇಕಾದವರು ಈಗ ಕೊಟ್ಟಿರಬಹುದಲ್ಲವಾ ಸಾರ್?’

ಅಂದರೆ?

‘ನಾನು ಕೊಟ್ಟೇ ಇರಲಿಲ್ಲ. ಆದ್ರೆ ಲಿಸ್ಟಲ್ಲಿ ನನ್ನ ಹೆಸರಿಗೆ ರೈಟ್ ಮಾರ್ಕ್ ಇತ್ತು.’

ಈ ಪ್ರಕರಣ ತಿರುಗಿದ್ದು ಇಲ್ಲಿ. ಲೀಡರ್‌ಳ ಪಟ್ಟಿಯನ್ನು ಹಿಡಿದು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಕೇಳಿದೆ. 29 ರೈಟ್ ಮಾರ್ಕುಗಳಲ್ಲಿ ದುಡ್ಡು ಕೊಟ್ಟವರು 26. ಉಳಿದ ಮೂವರು ‘ಬರ್ತೀನಿ, ನಾಳೆ ಕೊಡ್ತೀನಿ’ ಅಂದವರು. ಒಂದೇ ಗುರುತು ‘ಬರುತ್ತಾರೆ’ ಎಂದೂ ‘ಕೊಟ್ಟಿದ್ದಾರೆ’ ಎಂದೂ ಎರಡು ಕೆಲಸ ಮಾಡುತ್ತಿತ್ತು. ನವಕಂಬಲ ಎಂದರೆ ಹೊಸ ಕಂಬಳಿಯೋ ಒಂಬತ್ತು ಕಂಬಳಿಯೋ ಎಂದು ವಾಕ್ಛಲಕ್ಕೆ, ಅಂದರೆ ಮಾತಿನ ಎರಡರ್ಥ ಹಿಡಿದು ಆಡುವ ಮೋಸಕ್ಕೆ, ಕೊಡುವ ಉದಾಹರಣೆಯನ್ನು ಮಕ್ಕಳು ಸಂಸ್ಕೃತದವರ ತಮಾಷೆ ಎಂದುಕೊಂಡಿದ್ದರು. ಇಲ್ಲಿ ಯಾರೂ ಛಲ ಮಾಡಿರಲಿಲ್ಲ, ಪೆನ್ನೇ ಮಾಡಿತ್ತು. ಹೋಗಿದ್ದು 14,500 ಅಲ್ಲ, 13,000.

ಆಮೇಲೆ ಯಾರೂ ಕೇಳಿರದ ಪ್ರಶ್ನೆಯನ್ನು ಲೀಡರ್‌ಗೆ ಕೇಳಿದೆ. ಕವರನ್ನು ಕಣ್ಣಾರೆ ಕೊನೆಗೆ ನೋಡಿದ್ದು ಯಾವಾಗ? ಅವಳು ಯೋಚಿಸಿ, ಬೆಳಗ್ಗೆ ಹನ್ನೊಂದಕ್ಕೆ ಅಂದಳು. ಹನ್ನೊಂದರಿಂದ ಎರಡರ ನಡುವೆ ಬ್ಯಾಗು ಅವಳ ಜೊತೆ ಲೈಬ್ರರಿಗೆ ಹೋಗಿತ್ತು, ಜೆರಾಕ್ಸ್ ಅಂಗಡಿಗೆ ಹೋಗಿತ್ತು. ಊಟದ ಹೊತ್ತಿನಲ್ಲಿ, ಆ ರೂಮಿನಲ್ಲಿ, ಕಳವು ಆಯಿತು ಅನ್ನುವುದನ್ನು ನಾವೆಲ್ಲರೂ ಗಾಳಿಯಿಂದ ತೆಗೆದುಕೊಂಡಿದ್ದೆವು. ಕವರ್ ಜಾರಿ ಬಿದ್ದಿರಲೂಬಹುದು. ಆಕಾಶದ ತಾವರೆಗೆ ಪರಿಮಳವಿದೆ, ತಾವರೆಯಾದ್ದರಿಂದ ಅನ್ನುವ ವಾದ ಕೆಡುವುದು ಪರಿಮಳದಲ್ಲಲ್ಲ. ಅಂಥ ತಾವರೆಯೇ ಇಲ್ಲ. ಆಶ್ರಯಾಸಿದ್ಧ. ಗುರುವಾರದ ನನ್ನ ಅದ್ಭುತ ಪಾಠದಲ್ಲಿ ಹೇತುಗಳನ್ನೆಲ್ಲ ಝಾಡಿಸಿದ್ದೆ. ಪ್ರತಿಜ್ಞೆಯ ಸಾಲಿನಲ್ಲಿ ‘ದುಡ್ಡು ತೆಗೆದಿದ್ದಾನೆ’ ಎಂದು ನಾನೇ ಬರೆದಿದ್ದೆ. ಯಾರೋ ತೆಗೆದಿದ್ದಾರೆ ಎಂಬುದನ್ನು ಮೊದಲು ತೋರಿಸಿ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ಸೆರಗಿನ ಗಂಟು

ಹುಡುಗ ಬರದೆ ಒಂಬತ್ತು ದಿನವಾಗಿತ್ತು. ಹಾಸ್ಟೆಲ್ಲಿಗೆ ಹೋದರೆ ಊರಿಗೆ ಹೋಗಿದ್ದಾನೆ ಎಂದರು. ಮರುದಿನ ನಾನೇ ಹೊರಡಬೇಕು ಎಂದುಕೊಂಡಿದ್ದಾಗ ಅವನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಬನ್ನಿ ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಟೇಬಲ್ಲಿನ ಮೇಲೆ ನೂರರ, ಇನ್ನೂರರ ನೋಟುಗಳನ್ನು ಇಟ್ಟರು.

‘ಐದು ಸಾವ್ರ ಐತೆ ಸಾ. ನಮ್ ಹುಡ್ಗ ತಗಂಡಿಲ್ಲ. ತಗಂಡಿಲ್ಲ ಅಂದ್ರೂ ಮಾತು ನಿಲ್ಲಾಕಿಲ್ವಲ್ಲ. ಇದನ್ನ ಇಟ್ಕಳಿ, ಅವನ್ನ ಪರೀಕ್ಸೆಗೆ ಕೂರ್ಸಿ.’

ಎರಡು ಮೇಕೆ ಮಾರಿ ತಂದದ್ದು ಎಂದು ಆಮೇಲೆ ಗೊತ್ತಾಯಿತು. ಪ್ರಾಂಶುಪಾಲರು ಯಾರಿಗೂ ಏನೂ ಹೇಳಿ ಕಳಿಸಿರಲಿಲ್ಲ. ಸುದ್ದಿ ಹೇಗೋ ಊರು ಮುಟ್ಟಿತ್ತು. ಆ ನೋಟುಗಳನ್ನು ತೆಗೆದುಕೊಂಡಿದ್ದರೆ ಏನಾಗುತ್ತಿತ್ತು ನೋಡಿ. ಕದ್ದಿಲ್ಲ ಎನ್ನುತ್ತಲೇ ಕೊಟ್ಟ ದುಡ್ಡು ಮರುದಿನ ಬೆಳಗ್ಗೆ ತಪ್ಪೊಪ್ಪಿಗೆಯಾಗಿಬಿಡುತ್ತಿತ್ತು. ಒತ್ತಡದಲ್ಲಿ ಬಂದ ಒಪ್ಪಿಗೆಯನ್ನು ನಂಬಬಾರದು ಅನ್ನುವುದು ಕಾನೂನಿಗೆ ಬಹಳ ಹಿಂದೆಯೇ ತಿಳಿದಿದೆ. ಪೊಲೀಸ್ ಅಧಿಕಾರಿಯೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮೇ ಹೇಳುತ್ತಿತ್ತು. ಪೊಲೀಸಿನವನ ಲಾಠಿಯಷ್ಟೇ ಒತ್ತಡ ಊರವರ ಬಾಯಿಗೂ ಇದೆ. ಅದಕ್ಕೆ ಕಲಮು ಇಲ್ಲ.

ದುಡ್ಡನ್ನು ಮತ್ತೆ ಅವರ ಕೈಗೆ ಕೊಟ್ಟೆ. ‘ಅಮ್ಮಾ, ತಪ್ಪು ನಿಮ್ಮ ಮಗನದಲ್ಲ, ನನ್ನದು. ಪರೀಕ್ಷೆಗೆ ಅವನು ಕೂರ್ತಾನೆ’ ಅಂದೆ. ಆ ತಾಯಿ ನನ್ನ ಮುಖ ನೋಡಿದರು. ನಂಬಿದರು ಅನ್ನಿಸಲಿಲ್ಲ.

ತರಗತಿಗೆ ಏನು ಹೇಳುವುದು? ‘ಅವನು ನಿರಪರಾಧಿ’ ಎಂದು ಘೋಷಿಸಿಬಿಡುವ ಆಸೆ ಬಲವಾಗಿತ್ತು. ಆದರೆ ಕದ್ದಿದ್ದಾನೆ ಎಂದು ಯಾರೂ ತೋರಿಸಲಿಲ್ಲ, ಆದ್ದರಿಂದ ಕದ್ದಿಲ್ಲ ಅನ್ನುವುದೂ ಅಜ್ಞಾನವನ್ನೇ ಆಧಾರ ಮಾಡಿಕೊಂಡ ವಾದ. ಅವನು ನಿರಪರಾಧಿ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ; ತೋರಿಸಲಾರೆ. ರಾತ್ರಿಯೆಲ್ಲ ಒದ್ದಾಡಿದ ಮೇಲೆ ತಿಳಿದದ್ದು ಇಷ್ಟು: ಅವನು ಕದ್ದಿಲ್ಲ ಎಂದು ತೋರಿಸುವುದು ಯಾರ ಕೆಲಸವೂ ಅಲ್ಲ. ರುಜುವಾತಿನ ಹೊರೆ ಆರೋಪ ಹೊರಿಸಿದವರದು. ಅವರು ಹೊರಲಾಗದೆ ಇಳಿಸಿದ ಮೇಲೆ ಅವನು ಎಲ್ಲರಂತೆ ಒಬ್ಬ ವಿದ್ಯಾರ್ಥಿ. ತೀರ್ಪೂ ಬೇಡ, ಖುಲಾಸೆಯೂ ಬೇಡ.

ತರಗತಿಯಲ್ಲಿ ಹೇಳಿದ್ದು ಎರಡೇ ಮಾತು. ದುಡ್ಡನ್ನು ಅದೇ ದಿನ ಆಫೀಸಿಗೆ ಕಟ್ಟಿಸಿ ರಸೀದಿ ಕೊಡಿಸುವುದು ನನ್ನ ಕರ್ತವ್ಯವಾಗಿತ್ತು, ಸೋಮವಾರ ಸಂಜೆ ಲೀಡರ್ ಕೇಳಿದಾಗ ನಾಳೆ ಎಂದವನು ನಾನು. ಆದ್ದರಿಂದ ಹೋದ ದುಡ್ಡನ್ನು ನಾನು ತುಂಬುತ್ತೇನೆ. ಗುರುವಾರ ನಿಮ್ಮಲ್ಲಿ ಒಬ್ಬರನ್ನು ಬೋರ್ಡಿನ ಮೇಲೆ ನಿಲ್ಲಿಸಿದ್ದು ನನ್ನ ತಪ್ಪು. ಯಾರು ಎಂದು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಡಬ್ಬಿಯ 2,000 ಕಳೆದು 11,000 ರೂಪಾಯಿಯನ್ನು ಎರಡು ಸಂಬಳದಲ್ಲಿ ಕಟ್ಟಿದೆ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಸತ್ಯ ಹುಡುಕುವ ವಾದವೋ, ಗೆಲ್ಲಲಿಕ್ಕೆಂದೇ ಆಡುವ ಜಲ್ಪವೋ, ಬರೀ ಖಂಡಿಸುವ ವಿತಂಡವೋ ಎಂದು ಇಲ್ಲಿ ವಿಂಗಡಿಸಲು ಹೋಗುವುದಿಲ್ಲ. ಹಂಪಿಯ ಬದಲು ಒಂದು ದಿನ ಚಿತ್ರದುರ್ಗದ ಕೋಟೆಗೆ ಹೋಗಿಬಂದೆವು. ಕವರ್ ಸಿಗಲಿಲ್ಲ. ಯಾರು, ಏನು, ಎತ್ತ ಎಂದು ಇವತ್ತಿಗೂ ತಿಳಿದಿಲ್ಲ.

ಈಗ ಪಾಠ ಹೇಗೆ ಮಾಡುತ್ತೇನೆ

ಕುಂಬಳಕಾಯಿ ಕಳ್ಳನ ಗಾದೆಯನ್ನು ಬಿಟ್ಟಿಲ್ಲ. ಹೇತ್ವಾಭಾಸ ಕಲಿಸಲು ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಮಕ್ಕಳು ಮೊದಲು ಗಾದೆಯ ಪರ ನಿಲ್ಲುತ್ತಾರೆ, ಹತ್ತು ನಿಮಿಷದಲ್ಲಿ ಅವರೇ ಅದನ್ನು ಕೆಡವುತ್ತಾರೆ. ಕಳವಿನ ಕಥೆಯನ್ನು ಕಟ್ಟಿ ಹೇಳುತ್ತೇನೆ, ಬೇರೆ ಊರು, ಬೇರೆ ಕಾಲ. ಕೋಣೆಯೊಳಗೆ ಕೂತಿರುವ ಯಾರ ಬದುಕಿನ ಚೂರೂ ಅದರಲ್ಲಿ ಇರದಂತೆ ನೋಡಿಕೊಳ್ಳುತ್ತೇನೆ. ಪಾಠ ಸ್ವಲ್ಪ ಸಪ್ಪೆಯಾಗುತ್ತದೆ. ಆಗಲಿ.

ಇನ್ನೊಂದು ಬದಲಾವಣೆ ಮಾಡಿಕೊಂಡಿದ್ದೇನೆ. ಐದು ಅವಯವಗಳನ್ನು ಬರೆಸುವ ಮೊದಲು ಪಕ್ಷದ ಬಗ್ಗೆ, ಅಂದರೆ ವಾದ ಯಾವುದರ ಮೇಲೋ ಅದರ ಬಗ್ಗೆ, ಮೂರು ಪ್ರಶ್ನೆ ಕೇಳಿಸುತ್ತೇನೆ: ಇದು ನಡೆದದ್ದು ನಿಜವೇ, ಎಷ್ಟು, ಕೊನೆಗೆ ಕಂಡವರು ಯಾರು? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಾಣದೇ ಇದ್ದದ್ದನ್ನು ಹದಿಮೂರು ದಿನ ನಾವು ಪ್ರಮಾಣವೆಂದು ನಡೆಸಿದ್ದೆವು. ನೀತಿಶಾಸ್ತ್ರದ ಪಾಠದಲ್ಲಿ ಯಾರು ಮಾಡಿದರು ಅನ್ನುವುದನ್ನೂ ಯಾರು ಹೊಣೆ ಅನ್ನುವುದನ್ನೂ ಎರಡು ಬೇರೆ ಸಾಲಿನಲ್ಲಿ ಬರೆಸುತ್ತೇನೆ. ಮೊದಲನೆಯದಕ್ಕೆ ಉತ್ತರ ಸಿಗದೆ ಹೋದರೂ ಎರಡನೆಯದಕ್ಕೆ ಸಿಗುತ್ತದೆ. ನನಗೆ ಸಿಕ್ಕಿದ್ದು ಹಾಗೆಯೇ. ಮೊದಲನೆಯ ಪ್ರಶ್ನೆಯ ಗದ್ದಲದಲ್ಲಿ ಎರಡನೆಯದನ್ನು ಕೇಳಿಸಿಕೊಳ್ಳದೆ ಇರುವುದು ನನಗೆ ಅನುಕೂಲವಾಗಿಯೂ ಇತ್ತು ಎಂದು ಈಗ ಅನ್ನಿಸುತ್ತದೆ.

ಹುಡುಗ ಜನವರಿಯಲ್ಲಿ ತಿರುಗಿ ಬಂದ. ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದ, ತಾನಾಗಿ ಕೈ ಎತ್ತುತ್ತಿರಲಿಲ್ಲ. ಪಾಸಾದ. ಪರೀಕ್ಷೆಗೆ ಮುಂಚೆ ಹಾಲ್ ಟಿಕೆಟ್ ಕೊಡುವ ದಿನ ಸಾಲಿನಲ್ಲಿ ಬಂದು ನನ್ನ ಟೇಬಲ್ಲಿನ ಮುಂದೆ ಬಗ್ಗಿ ರಿಜಿಸ್ಟರಿನಲ್ಲಿ ಸಹಿ ಹಾಕಿದ. ಹಾಲ್ ಟಿಕೆಟ್ ತೆಗೆದುಕೊಂಡು ತಿರುಗುವಾಗ ನನ್ನ ಕಣ್ಣು ನನಗೇ ಗೊತ್ತಾಗದಂತೆ ಅವನ ಕಾಲಿನ ಕಡೆ ಹೋಯಿತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ನಾನು ನೋಡಿದ್ದನ್ನು ಅವನು ನೋಡಿದ. ಮುಂದಿನವಳು ಆಗಲೇ ಪೆನ್ನು ಕೇಳುತ್ತಿದ್ದಳು.